ಮಗಳಿಗೊಂದು ಪತ್ರ: ಟ್ರ್ಯಾಕ್ ಬೇಡ, ಪಿಯಾನೋ ಇರಲಿ

ಪುಟ್ಟೀ,

ಚೆನ್ನೈನ ಆಯ್ಕೆಗೆ ಟ್ರ್ಯಾಕ್, ಅಂದರೆ ಮೊದಲೇ ಮುದ್ರಿಸಿಟ್ಟ ಹಿನ್ನೆಲೆ ವಾದ್ಯ, ಹಾಕಿಕೊಂಡೇ ಹಾಡುತ್ತೇನೆ, ಪಿಯಾನೋದವಳನ್ನು ಕರೆದುಕೊಂಡು ಹೋಗುವ ಖರ್ಚು ಯಾಕೆ ಅಂದೆ. ನಿನ್ನೆ ಫೋನಿನಲ್ಲಿ ನನ್ನ ದನಿ ಏರಿತು, ಬೇಜಾರು ಮಾಡಿಕೊಳ್ಳಬೇಡ. ನೀನು ಆರಿಸಿಕೊಂಡಿರುವುದು 'ಟೇಕ್ ಮೈ ಹ್ಯಾಂಡ್, ಪ್ರೆಶಸ್ ಲಾರ್ಡ್'. ಬೇರೆ ಹಾಡಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ.

1932ರಲ್ಲಿ ಹೆಂಡತಿ, ಹಸುಗೂಸು ಇಬ್ಬರನ್ನೂ ಕಳೆದುಕೊಂಡ ಥಾಮಸ್ ಡಾರ್ಸಿ ಬರೆದ ಹಾಡು ಅದು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಂತ್ಯಕ್ರಿಯೆಯಲ್ಲಿ ಅಮೆರಿಕದ ಗಾಸ್ಪೆಲ್ (ಕ್ರೈಸ್ತ ಭಕ್ತಿಗೀತೆ) ಗಾಯಕಿ ಮಹಾಲಿಯಾ ಜಾಕ್ಸನ್ ಹಾಡಿದರು. 1972ರಲ್ಲಿ ಮಹಾಲಿಯಾ ತೀರಿಕೊಂಡಾಗ ಅದನ್ನೇ ಅರೀತಾ ಫ್ರಾಂಕ್ಲಿನ್ ಹಾಡಿದರು. ಮಹಾಲಿಯಾ ಕಥೆಯೆಲ್ಲ ನಿನಗೆ ಗೊತ್ತು. ಆದರೆ ಮಿಲ್ಡ್ರೆಡ್ ಫಾಲ್ಸ್ ಯಾರು ಅಂತ ಎಷ್ಟು ಜನಕ್ಕೆ ಗೊತ್ತು?

ವರ್ಷಗಟ್ಟಲೆ ಮಹಾಲಿಯಾಗೆ ಪಿಯಾನೋ ನುಡಿಸಿದವರು. 1958ರ ಅಮೆರಿಕದ ನ್ಯೂಪೋರ್ಟ್ ಸಂಗೀತೋತ್ಸವದಲ್ಲಿ ಮಹಾಲಿಯಾ ಹಾಡಿದ ಧ್ವನಿಮುದ್ರಣ ಹಾಕಿ, ಈ ಸಲ ಪಿಯಾನೋ ಮೇಲೆ ಮಾತ್ರ ಕಿವಿ ಇಡು. ಮಹಾಲಿಯಾ ಪದವನ್ನು ಎಳೆದರೆ ಮಿಲ್ಡ್ರೆಡ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಿಸದೆ ಕಾಯುತ್ತಾರೆ. ಉಸಿರು ತೆಗೆದುಕೊಳ್ಳುವ ಕಡೆ ಬಲಗೈ ಆ ಖಾಲಿಯನ್ನು ತುಂಬುತ್ತದೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ, ಪುಟ್ಟೀ. ನೀನು ಇನ್ನೂ ಪದದಲ್ಲೇ ಇರುವಾಗ ಕೆಳಗಡೆ ಕಾರ್ಡ್ ಬದಲಾಗಿಬಿಡುತ್ತದೆ. ಅದನ್ನು ಹಿಡಿಯಲು ಅರ್ಧ ಉಸಿರಿನಲ್ಲೇ ಮುಂದಿನ ಸಾಲಿಗೆ ಹಾರುತ್ತೀಯ, ಮೇಲಿನ ಸ್ವರದಲ್ಲಿ ಗಂಟಲು ಬಿಗಿಯುತ್ತದೆ. ಹೋದ ವಾರ ಕಳಿಸಿದ ರೆಕಾರ್ಡಿಂಗಿನಲ್ಲಿ ಎರಡನೇ ಚರಣದಲ್ಲಿ ಆಗಿರುವುದು ಅದೇ. ನಿನ್ನ ಕಂಠದ ತಪ್ಪಲ್ಲ. ನಿನ್ನ ಕೆಳಸ್ಥಾಯಿಯ ದನಿಯಂಥದ್ದು ನಮ್ಮ ಕ್ವಾಯರಿನಲ್ಲಿ ಇನ್ನೊಬ್ಬರಿಗಿಲ್ಲ, ಇದನ್ನು ನಿನ್ನೆಯೇ ಹೇಳಬೇಕಿತ್ತು.

ಶ್ರುತಿ ಎರಡು ಮನೆ ಇಳಿಸಿಕೊಳ್ಳಿ. ಮೊದಲ ಚರಣಕ್ಕೆ ಎಡಗೈ ಬರೀ ಮೊದಲ ಪೆಟ್ಟಿಗೆ ಬಿದ್ದರೆ ಸಾಕು. ಒಂದೊಂದು ಪೆಟ್ಟನ್ನೂ ಮೂರಾಗಿ ಒಡೆಯುವ ನಡೆ ಎರಡನೆಯದರಲ್ಲಿ ಶುರುವಾಗಲಿ. ದನಿ ಪೂರ್ತಿ ಬಿಡುವುದು ಕೊನೆಯ ಚರಣದಲ್ಲಿ, ಅಲ್ಲಿಯವರೆಗೆ ಎಷ್ಟೇ ಆಸೆಯಾದರೂ ತಡೆದುಕೋ. ಮಹಾಲಿಯಾ ಕೂಗಿದ್ದನ್ನು ನಕಲು ಮಾಡುವವರು ಬಹಳ ಜನ, ಅದಕ್ಕೆ ಮುಂಚೆ ಎಷ್ಟು ಹೊತ್ತು ಕೂಗದೇ ಇದ್ದರು ಅನ್ನುವುದನ್ನು ಗಮನಿಸುವವರು ಕಡಿಮೆ. ಪಿಯಾನೋದವಳಿಗೆ ನಿನ್ನ ಬಾಯಿ, ಭುಜ ಕಾಣಬೇಕು. ನೀನು ಉಸಿರೆಳೆಯುವುದನ್ನು ಅವಳು ನೋಡಿಯೇ ತಿಳಿಯಬೇಕು, ಎಣಿಸಿ ಅಲ್ಲ.

ಮತ್ತೆ ಮಿಲ್ಡ್ರೆಡ್ ವಿಷಯಕ್ಕೇ ಬರುತ್ತೇನೆ, ಉಪದೇಶ ಅನ್ನಿಸಿದರೂ ಓದು. ಮಹಾಲಿಯಾ ತಮ್ಮ ದುಡ್ಡನ್ನು ಎಷ್ಟೋ ಸಲ ವೇದಿಕೆ ಹತ್ತುವ ಮೊದಲೇ ನಗದಾಗಿ ಎಣಿಸಿಕೊಳ್ಳುತ್ತಿದ್ದರು. ಮೋಸ ಮಾಡುವ ಆಯೋಜಕರ ಕಾಲ ಅದು, ಅದರಲ್ಲಿ ತಪ್ಪೇನಿಲ್ಲ. ಆದರೆ ಮಿಲ್ಡ್ರೆಡ್ ಕೈಗೆ ಸಿಗುತ್ತಿದ್ದುದು ಅದರ ಮುಂದೆ ತೀರಾ ಕಮ್ಮಿ. ಅಂಥಾ ದೊಡ್ಡ ಜೀವ ಈ ಒಂದು ವಿಷಯದಲ್ಲಿ ಕೈ ಬಿಗಿಹಿಡಿಯಿತಲ್ಲ ಅಂತ ನನಗೆ ಇವತ್ತಿಗೂ ಸಂಕಟ. ನೀನು ಹಾಗಾಗಬಾರದು ಅನ್ನುವ ಭಯ. ಆಯ್ಕೆಯಾದರೆ ಸಂಭಾವನೆಯಲ್ಲಿ ನಿನ್ನ ಪಿಯಾನೋದವಳ ಪಾಲು ಎಷ್ಟು ಅಂತ ಈಗಲೇ ಮಾತಾಡಿ, ಬರೆದಿಡು. ಪೋಸ್ಟರಿನಲ್ಲಿ ಅವಳ ಹೆಸರೂ ಬರಲಿ.

ರೈಲಿನ ಖರ್ಚು ನಾನು ಕಳಿಸುತ್ತೇನೆ, ಬೇಡ ಅನ್ನಬೇಡ. ಅಲ್ಲಿ ಪಿಯಾನೋ ಇಲ್ಲದಿದ್ದರೆ 88 ಕೀಗಳ ಕೀಬೋರ್ಡು, ಸಸ್ಟೇನ್ ಪೆಡಲ್ ಎರಡೂ ಬೇಕು ಅಂತ ಇವತ್ತೇ ಫೋನ್ ಮಾಡಿ ಹೇಳು. ಪೆಡಲ್ ಇಲ್ಲದಿದ್ದರೆ ಕೀಯಿಂದ ಬೆರಳೆತ್ತಿದ ಕೂಡಲೇ ಕಾರ್ಡ್ ಮುಗಿದುಹೋಗುತ್ತದೆ.

ನಿನ್ನ ಅಪ್ಪ