ಕೀ ಒಂದರಲ್ಲಿದ್ದಾಗ

ಲೋ ಮಾರಾಯ,

ನಿನ್ನ ಮೆಸೇಜು ನೋಡಿದೆ. "ಆ ಮುದಿ ಬೆಂಝ್ ಇನ್ನೂ ಬದುಕಿದೆಯಾ, ಇಲ್ಲ ಮೊಸರನ್ನದ ದಾರಿ ಹಿಡಿಯಿತಾ?" ಬದುಕಿದೆ. ಮೊಸರನ್ನದ ಮಾತು ಮಾತ್ರ ಇಲ್ಲಿ ಎಲ್ಲರೆದುರು ಎತ್ತಬೇಡ. ಇದನ್ನು ಓದುವವರಲ್ಲಿ ಹಾಸ್ಟೆಲ್ಲಿನ ಹಳೇ ಪುಣ್ಯಾತ್ಮರೂ ಇದ್ದಾರೆ. ಅವರಿಗೆ ವಾಸನೆ ಹತ್ತಿದರೆ ಸಾಕು.

ಈ ಸಲದ ರೋಗ ಎಂಜಿನ್ನಿನದಲ್ಲ, ಬೀಗದ್ದು. ಕೀ ಹಾಕಿದರೆ ಒಮ್ಮೊಮ್ಮೆ ತಿರುಗುತ್ತಲೇ ಇರಲಿಲ್ಲ. ಸ್ಟೀರಿಂಗನ್ನು ಅತ್ತಿತ್ತ ಎಳೆದಾಡಿ, ಕೀ ಸ್ವಲ್ಪ ಹಿಂದಕ್ಕೆಳೆದು, ಆಂಜನೇಯನನ್ನು ನೆನೆದರೆ ತಿರುಗುತ್ತಿತ್ತು. ಈ ಬೆಂಝ್ ಮಾದರಿ, ಡಬ್ಲ್ಯೂ 123, ಇಟ್ಟುಕೊಂಡವರು ಯಾರನ್ನು ಕೇಳಿದರೂ ಒಂದೇ ಮಾತು: ಕೀ ಮುನಿಸು ತೋರಿಸಿದ ದಿನವೇ ಬೀಗ ಬದಲಿಸು, ನಾಳೆ ಅನ್ನಬೇಡ.

ಯಾಕೆ ಅಂತ ಹೇಳುತ್ತೇನೆ, ನಿನಗೆ ಇಂಥದ್ದು ಇಷ್ಟ. ಈ ಗಾಡಿಯಲ್ಲಿ ಕೀ ತೂತು ಡ್ಯಾಶ್‌ಬೋರ್ಡಿನಲ್ಲಿದೆ. ಆದರೆ ಅದರ ಬೆನ್ನಿಗೆ ಒಂದು ಲೋಹದ ಡಬ್ಬಿ ಇದೆ, ಅದು ಸ್ಟೀರಿಂಗ್ ಕಂಬದವರೆಗೂ ಚಾಚಿಕೊಂಡಿದೆ. ಕೀ ನಿಲ್ಲುವ ಜಾಗಗಳಿಗೆ 0, 1, 2 ಅಂತ ನಂಬರು. 0ಗೆ ತಂದು ಕೀ ತೆಗೆದರೆ ಡಬ್ಬಿಯೊಳಗಿನ ಗೂಟ ಕಂಬಕ್ಕೆ ಕಚ್ಚಿಕೊಳ್ಳುತ್ತದೆ, ಸ್ಟೀರಿಂಗ್ ಅಲ್ಲಾಡುವುದಿಲ್ಲ. 1ಕ್ಕೆ ತಂದರೆ ಗೂಟ ಬಿಡುತ್ತದೆ, ಎಂಜಿನ್ ಮಾತ್ರ ಸುಮ್ನೆ ಕೂತಿರುತ್ತದೆ. 2 ಅಂದರೆ ಓಡುವ ಸ್ಥಿತಿ, ಅದರಾಚೆ ಸ್ಟಾರ್ಟ್. ಈ ಬೀಗವನ್ನು ಬಿಚ್ಚಬೇಕಾದರೆ ಕೀ 1ರಲ್ಲಿರಲೇಬೇಕು. 0ಯಲ್ಲಿ ಸತ್ತುಹೋಯಿತೋ, ಗೂಟವೂ ಬಿಡುವುದಿಲ್ಲ, ಡಬ್ಬಿಯೂ ಬರುವುದಿಲ್ಲ. ಆಮೇಲೆ ಡ್ರಿಲ್ಲು, ಗ್ರೈಂಡರು, ಬೈಗುಳ. ಕಳ್ಳನಿಗೆ ಅಂತ ಹಾಕಿದ ಗಟ್ಟಿ ಉಕ್ಕು ಯಜಮಾನನ ಡ್ರಿಲ್ ಬಿಟ್ಟನ್ನೇ ತಿಂದುಹಾಕುತ್ತದೆ.

"ಕಿತ್ತು ಬಿಸಾಕಿ ಒಂದು ಬಟನ್ ಹಾಕ್ಕೋ" ಅಂತ ನೀನು ಹೇಳೇ ಹೇಳುತ್ತೀಯ. ನಿನ್ನ ಲೂನಾ ಅಲ್ಲ ಇದು. ಪಶ್ಚಿಮ ಜರ್ಮನಿಯಲ್ಲಿ 1961ರಿಂದಲೇ ಹೊಸ ಕಾರುಗಳಿಗೆ ಸ್ಟೀರಿಂಗ್ ಲಾಕ್ ಕಡ್ಡಾಯ. ಅಮೆರಿಕದವರಿಗೆ ಆ ಬುದ್ಧಿ ಬಂದಿದ್ದು 1970ಕ್ಕೆ. ಗೂಟ ಇಲ್ಲದ ಗಾಡಿಯನ್ನು ಇಲ್ಲಿ ಜರ್ಮನಿಯ ತಪಾಸಣೆಗೆ ತಗೊಂಡು ಹೋದರೆ ಆ ಮನುಷ್ಯ ನನ್ನನ್ನು ನೋಡುವ ರೀತಿ ನನಗೆ ಈಗಲೇ ಕಾಣುತ್ತದೆ.

ಹಾಗಾಗಿ ಹೊಸ ಬೀಗ ಬರುವ ತನಕ ಕೀ ತೆಗೆಯಲೇ ಇಲ್ಲ. ಹಗಲೂ ರಾತ್ರಿ 1ರಲ್ಲೇ ಬಿಟ್ಟೆ, ರಸ್ತೆ ಬದಿಯಲ್ಲಿ. ಹೆಂಡತಿಗೆ ಗಾಬರಿ. ನಾನು ಹೇಳಿದೆ, ಇದು 240 ಡಿ ಡೀಸೆಲ್ ಕಣೇ, 72 ಅಶ್ವಶಕ್ತಿ, ಇದನ್ನು ಕದ್ದು ಓಡಿ ತಪ್ಪಿಸಿಕೊಳ್ಳೋಕೆ ಕಳ್ಳನಿಗೆ ತುಂಬಾ ತಾಳ್ಮೆ ಬೇಕು ಅಂತ.

ಕೆಲಸ ಶುರು ಮಾಡಿದ್ದು ಶನಿವಾರ. ಬ್ಯಾಟರಿ ಬಿಚ್ಚಿದೆ. ಮೊಣಕಾಲ ಹತ್ತಿರದ ಹಲಗೆ ತೆಗೆದೆ. ಮೀಟರ್‌ಗಳ ಗೂಡನ್ನು ಮುಂದಕ್ಕೆಳೆದೆ. ಗಟ್ಟಿ ತಂತಿಯೊಂದನ್ನು ಅರದಲ್ಲಿ ಉಜ್ಜಿ, ಕೀ ಪಕ್ಕದ ಸಣ್ಣ ಸಂದಿಗೆ ತೂರಿಸಿದರೆ ಕಪ್ಪು ಬಳೆ ಸಡಿಲಾಗುತ್ತದೆ. ಅದನ್ನು ತಿರುಗಿಸಿ ತೆಗೆದು ಕೀ ಹಿಡಿದೆಳೆದರೆ ಸಿಲಿಂಡರ್ ಕೀ ಸಮೇತ ಕೈಗೆ ಬಂತು. ಇಷ್ಟು ಸುಲಭವಾ ಅಂತ ನನಗೇ ಮುಜುಗರ ಆಯಿತು. ಉಳಿದ ಡಬ್ಬಿ ಅಷ್ಟು ಒಳ್ಳೆಯದಲ್ಲ. ಕಂಬದ ಕ್ಲಾಂಪ್ ಸಡಿಲಿಸಿ, ಒಂದು ಪಿನ್ನನ್ನು ಒಳಗೆ ಅದುಮಿ ಹಿಡಿದು, ಕಣ್ಣಿಗೆ ಕಾಣದ ಜಾಗದಲ್ಲಿ ಕೈ ಮಡಚಿ ಎಳೆಯಬೇಕು. ಹಿಂದೆ ಸ್ವಿಚ್ಚಿನ ವೈರುಗಳು. ಜೊತೆಗೆ ಎರಡು ಸಣ್ಣ ಪ್ಲಾಸ್ಟಿಕ್ ಕೊಳವೆಗಳು.

ಕರೆಂಟಿನ ಸ್ವಿಚ್ಚಿಗೆ ಕೊಳವೆ ಯಾಕೆ ಅಂತ ನಿಮ್ಮಪ್ಪನನ್ನು ಕೇಳು, ಬೆಂಗಳೂರು ಆಡುಗೋಡಿಯ ಮೈಕೋದಲ್ಲಿ (ಈಗಿನ ಬಾಷ್) ಜೀವಮಾನವಿಡೀ ಡೀಸೆಲ್ ಪಂಪ್ ಜೋಡಿಸಿದವರು, ನಗುತ್ತಾರೆ. ಡೀಸೆಲ್ ಎಂಜಿನ್ನಿಗೆ ಕಿಡಿಯ ಹಂಗಿಲ್ಲ. ಒಮ್ಮೆ ಹೊತ್ತಿಕೊಂಡರೆ ಕರೆಂಟ್ ಕಿತ್ತರೂ ಓಡುತ್ತಿರುತ್ತದೆ. ನಿಲ್ಲಿಸಬೇಕಾದರೆ ಬಾಷ್ ಪಂಪಿಗೆ ಡೀಸೆಲ್ ಬಿಡಬೇಡ ಅನ್ನಬೇಕು. ಇದರಲ್ಲಿ ಅದನ್ನು ಹೇಳುವುದು ಗಾಳಿ: ಕೀ ಆಫ್ ಮಾಡಿದಾಗ ವ್ಯಾಕ್ಯೂಮ್, ಅಂದರೆ ಗಾಳಿ ಹೀರುವ ಸೆಳೆತ, ಈ ಕೊಳವೆಯ ಮೂಲಕ ಪಂಪಿಗೆ ತಲುಪಿ ಅದರ ಕೈ ಎಳೆಯುತ್ತದೆ. ಕೊಳವೆ ಅದಲುಬದಲಾದರೆ ಕೀ ಜೇಬಿನಲ್ಲಿಟ್ಟುಕೊಂಡು ನೀನು ನಡೆದುಹೋಗಬಹುದು, ಗಾಡಿ ಗುಡುಗುಡು ಅನ್ನುತ್ತಾ ನಿಂತಿರುತ್ತದೆ. ಆಗ ಬಾನೆಟ್ ಎತ್ತಿ, ಸ್ಟಾಪ್ ಅಂತ ಬರೆದ ಲಿವರ್ ಒತ್ತಬೇಕು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಉಳಿದವರು ಬೇಕಾದರೆ ಮುಂದಿನ ಎರಡು ಪ್ಯಾರಾ ಹಾರಿಸಿಕೊಂಡು ಹೋಗಿ.

ಹಳೇ ಕೀಗೇ ಹೊಂದುವ ಸಿಲಿಂಡರ್ ಬೇಕಾದರೆ ಗಾಡಿ ನಿನ್ನದೇ ಅಂತ ಕಾಗದ ತೋರಿಸಬೇಕು. ಆ ಕಾಗದಕ್ಕೆ ಗ್ಲೋವ್ ಬಾಕ್ಸ್ ತೆಗೆದಾಗ ಅದರಡಿ ಇನ್ನೊಂದು ಲಕೋಟೆ ಇತ್ತು. ನಾನೇ ಇಟ್ಟಿದ್ದು. ಇಲ್ಲಿನ ಪೌರತ್ವದ ಅರ್ಜಿ. ಪೂರ್ತಿ ತುಂಬಿದೆ, ಸಹಿ ಒಂದು ಹಾಕಿಲ್ಲ. 2024ರ ಜೂನ್‌ನಿಂದ ಜರ್ಮನಿಯವರು ಹಳೇ ಪಾಸ್‌ಪೋರ್ಟ್ ಬಿಡು ಅನ್ನುವುದಿಲ್ಲ. ಬಿಡು ಅನ್ನುವುದು ನಮ್ಮವರು. ಇಲ್ಲಿನದು ಕೈಗೆ ಬಂದ ಗಳಿಗೆಯಲ್ಲೇ ಅಲ್ಲಿನದು ಹೋಗುತ್ತದೆ, ನಮ್ಮ 1955ರ ಕಾಯ್ದೆ ಹಾಗಿದೆ. ವೋಟು ಇಲ್ಲ. ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡು ಸಿಗುತ್ತದೆ, ಆದರೆ ಅದರಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಹಿರಿಯರಿಂದ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು.

ಈ ಕೊನೇ ಸಾಲು ಓದಿದ ರಾತ್ರಿ ನಾನು ಏನು ಮಾಡಿದೆ ಗೊತ್ತಾ? ತೀರ್ಥಹಳ್ಳಿಯ ತೋಟದ ಲೆಕ್ಕ ಹಾಕುತ್ತಾ ಕೂತೆ. ಕೊಳ್ಳೋಕಾಗಲ್ಲ, ಪರವಾಗಿಲ್ಲ, ಅಪ್ಪನ ನಂತರ ಹೇಗೂ ಬರುತ್ತದಲ್ಲ ಅಂತ. ಅಪ್ಪನ ನಂತರ. ಅವರು ಅದೇ ಸಂಜೆ ಫೋನಿನಲ್ಲಿ ಅಡಿಕೆ ಮರಕ್ಕೆ ಎಲೆಚುಕ್ಕಿ ಬಂದಿದ್ದನ್ನು ಹೇಳಿದ್ದರು. ನಾನು ಅಯ್ಯೋ ಅಂದಿದ್ದೆ. ಆಮೇಲೆ ಈ ಲೆಕ್ಕ. ನನಗೆ ನನ್ನ ಬಗ್ಗೆ ಒಂಥರಾ ಹೆದರಿಕೆ ಆಯಿತು ಕಣೋ. ಲಕೋಟೆಯನ್ನು ಮನೆಯಲ್ಲಿಡೋಕೂ ಆಗಲಿಲ್ಲ, ಕಾರಿನಲ್ಲಿಟ್ಟೆ. ನೀನು ಪ್ರತಿ ದೀಪಾವಳಿಗೂ "ಯಾವಾಗ ವಾಪಸ್?" ಅಂತ ಕೇಳುತ್ತೀಯ. ನಾನು "ಮುಂದಿನ ವರ್ಷ" ಅನ್ನುತ್ತೇನೆ. ನೀನು ನಂಬಲ್ಲ ಅಂತ ನನಗೆ ಗೊತ್ತು. ನಾನೂ ನಂಬಲ್ಲ ಅನ್ನುವುದು ನಿನಗೆ ಗೊತ್ತಾ?

ಸಾಕು. ಕೀ 1ರಲ್ಲಿರೋದು, ನಾನು ನಡುವಲ್ಲಿರೋದು ಅಂತ ನೀನು ಈಗ ಕವಿತೆ ಹೊಸೆಯೋಕೆ ಕೂತಿರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವಾ. ಬೇಡ. ವಾರ್ಷಿಕ ಸಂಚಿಕೆಗೆ ನೀನು ಬರೆದ ಆ ರೇಡಿಯೇಟರ್ ಕವಿತೆಯಿಂದ ಕನ್ನಡ ಇನ್ನೂ ಚೇತರಿಸಿಕೊಂಡಿಲ್ಲ.

ಹೊಸ ಬೀಗ ಕೂತಿದೆ, ಕೀ ಬೆಣ್ಣೆಯ ಹಾಗೆ ತಿರುಗುತ್ತಿದೆ. ನೀನು ಕೊಟ್ಟ ಹಿತ್ತಾಳೆ ಗಂಟೆಯ ಕೀ ಚೈನ್ ಮಾತ್ರ ತೆಗೆದೆ, ಬೇಜಾರಾಗಬೇಡ. ಆ ಭಾರಕ್ಕೇ ಬೀಗ ಬೇಗ ಸವೆಯುತ್ತದಂತೆ. ಅಂದರೆ ಖರ್ಚಿನಲ್ಲಿ ಅರ್ಧ ನಿನ್ನದು.

ಲಕೋಟೆಯ ವಿಷಯ ಅಣ್ಣನಿಗೆ ಹೇಳಬೇಡ. ಅವನು ಇದನ್ನೆಲ್ಲ ಓದಲ್ಲ, ಫೋಟೋ ಇದ್ದರೆ ಮಾತ್ರ ಲೈಕ್ ಒತ್ತುತ್ತಾನೆ. ನಿಮ್ಮಪ್ಪನನ್ನು ಮಾತ್ರ ಮರೆಯದೆ ಕೇಳು: ಪಂಪಿನ ಮೇಲೆ ಡೆಲಿವರಿ ವಾಲ್ವ್ ಹತ್ತಿರ ಡೀಸೆಲ್ ಒಸರುತ್ತಿದೆ. ತಾಮ್ರದ ವಾಷರ್ ಬದಲಿಸಿದರೆ ಸಾಕಾ, ಓ ರಿಂಗೂ ಹಾಕಬೇಕಾ? ಅವರು ಬೈದರೆ ಬೈದದ್ದನ್ನೂ ಬರೆದು ಕಳಿಸು.

ನಿನ್ನವನೇ,
ಹಿಂದಿನ ಬೆಂಚಿನವನು