ಕರೆನ್ಸಿ ನಿಯಮ ಕೊರತೆಯ ದೇಶಕ್ಕಷ್ಟೇ ಏಕೆ?

ಮಾನ್ಯ ಸಂಪಾದಕರೇ,

ಅಮೆರಿಕದ ಖಜಾನೆ ಇಲಾಖೆ ಯಾವುದಾದರೂ ದೇಶವನ್ನು ‘ಕರೆನ್ಸಿ ಮ್ಯಾನಿಪುಲೇಟರ್’ (ವ್ಯಾಪಾರದ ಲಾಭಕ್ಕಾಗಿ ತನ್ನ ನಾಣ್ಯದ ಬೆಲೆಯನ್ನು ಬೇಕೆಂದೇ ತಿರುಚುವ ದೇಶ) ಎಂದು ಕರೆದರೆ ಸಾಕು, ತೀರ್ಪೇ ಬಂದಂತೆ ಪತ್ರಿಕೆಗಳು ಬರೆಯುತ್ತವೆ. ಆ ಹಣೆಪಟ್ಟಿ ಹಚ್ಚುತ್ತಿರುವುದು ವ್ಯಾಪಾರದಲ್ಲಿ ಎದುರು ಪಕ್ಷದವರೇ ಎಂಬ ಮಾತು ಆ ವರದಿಗಳಲ್ಲಿ ಇರುವುದೇ ಅಪರೂಪ.

ಚೀನಾದ ಉದಾಹರಣೆ ನೋಡಿ. 2005ರ ಜುಲೈವರೆಗೆ ಅದು ಡಾಲರಿಗೆ ಸುಮಾರು 8.28 ಯುವಾನ್ ದರವನ್ನು ವರ್ಷಗಟ್ಟಲೆ ಕದಲದಂತೆ ಹಿಡಿದಿಟ್ಟಿತ್ತು. ಯುವಾನ್ ಏರದಿರಲೆಂದು ಅದರ ಕೇಂದ್ರ ಬ್ಯಾಂಕ್ ರಾಶಿ ರಾಶಿ ಡಾಲರ್ ಕೊಂಡಿತು. ಆಗ ಹಣೆಪಟ್ಟಿ ಬೀಳಲಿಲ್ಲ. ಬಿದ್ದದ್ದು ಸುಂಕದ ಸಮರ ಜೋರಾಗಿದ್ದ 2019ರ ಆಗಸ್ಟ್‌ನಲ್ಲಿ. 2020ರ ಜನವರಿಯಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಹಿ ಬೀಳಲು ಎರಡು ದಿನವಿರುವಾಗ ಅದನ್ನು ತೆಗೆದೂ ಹಾಕಿದರು. ಇದು ಚೌಕಾಸಿ ಎನ್ನದೆ ಬೇರೇನು ಹೇಳಲಿ?

ನಾಣ್ಯದ ಬೆಲೆ ಇಳಿಸಿ ರಫ್ತು ಹೆಚ್ಚಿಸಿಕೊಳ್ಳುವುದು ಚೀನಾ ಕಂಡುಹಿಡಿದ ವಿದ್ಯೆಯಲ್ಲ. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ತನ್ನ ನಾಣ್ಯದ ಬೆಲೆಯನ್ನು ಚಿನ್ನಕ್ಕೆ ಬಿಗಿದಿದ್ದ ಕಟ್ಟು ಕಳಚಿಕೊಂಡಿತು, ಪೌಂಡ್ ಕುಸಿಯಿತು. ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಕೂಡಲೇ ಅದೇ ಹಾದಿ ಹಿಡಿದವು. 1934ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಚಿನ್ನದ ಬೆಲೆಯನ್ನು ಔನ್ಸಿಗೆ 20.67 ಡಾಲರ್‌ನಿಂದ 35ಕ್ಕೆ ಏರಿಸಿ ಡಾಲರನ್ನು ಅಗ್ಗ ಮಾಡಿದರು. ಹೀಗೆ ಕಟ್ಟು ಬಿಟ್ಟವರು ಬೇಗ ಚೇತರಿಸಿಕೊಂಡದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1936ರವರೆಗೂ ಚಿನ್ನಕ್ಕೆ ಅಂಟಿಕೊಂಡ ಫ್ರಾನ್ಸಿನ ಸರಕು ಪರದೇಶಗಳಲ್ಲಿ ದುಬಾರಿಯಾಯಿತು. ಒಬ್ಬರ ಚೇತರಿಕೆಯ ಭಾರದಲ್ಲಿ ಒಂದು ಪಾಲು ಇನ್ನೊಬ್ಬರ ತಲೆಗೆ ಬಂತು.

ಇದನ್ನು ತಡೆಯಲು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ ಒಂದು ದಾರಿ ಸೂಚಿಸಿದ್ದರು. 1943ರಲ್ಲಿ ಪ್ರಕಟವಾದ ಅವರ ಯೋಜನೆಯಲ್ಲಿ ದೇಶಗಳ ನಡುವಿನ ಲೆಕ್ಕವೆಲ್ಲ ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಮೂಲಕ ನಡೆಯಬೇಕಿತ್ತು. ಮಿತಿ ಮೀರಿ ಸಾಲ ಮಾಡಿದ ದೇಶದಂತೆ, ಮಿತಿ ಮೀರಿ ಹೆಚ್ಚುವರಿ (ಕೊಂಡದ್ದಕ್ಕಿಂತ ಹೆಚ್ಚು ಮಾರಿ ಉಳಿಸಿದ್ದು) ಕೂಡಿಟ್ಟ ದೇಶವೂ ಶುಲ್ಕ ಕಟ್ಟಬೇಕಿತ್ತು! ಮಾರುತ್ತಲೇ ಇದ್ದು ಕೊಳ್ಳದವನಿಗೂ ಹೊಣೆಯುಂಟು ಎಂಬ ನೇರವಾದ ನ್ಯಾಯ ಅದು. ಆಗ ದೊಡ್ಡ ಹೆಚ್ಚುವರಿ ಇದ್ದದ್ದು ಅಮೆರಿಕದ ಬಳಿ. ಅದು ಒಪ್ಪಲಿಲ್ಲ. 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಸೇರಿ ರೂಪಿಸಿದ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ನಿಯಮಗಳಲ್ಲಿ, ಹೆಚ್ಚು ಮಾರಿ ಕಡಿಮೆ ಕೊಳ್ಳುವುದರಿಂದ ಯಾವ ದೇಶದ ಕರೆನ್ಸಿ ಇತರರಿಗೆ ಸಿಗದಂತಾಗುತ್ತದೋ ಆ ದೇಶದ ವಿರುದ್ಧ ಇತರರು ನಿರ್ಬಂಧ ಹೇರಬಹುದೆಂಬ ಕಲಮೊಂದು ಉಳಿಯಿತು, ಆದರೆ ಅದನ್ನು ಎಂದೂ ಬಳಸಲಿಲ್ಲ. ಸಾಲಕ್ಕೆ ಕೈಚಾಚಿದ ದೇಶಕ್ಕೆ ಷರತ್ತು ಹಾಕುವ ಐಎಂಎಫ್, ಹೆಚ್ಚುವರಿ ಕೂಡಿಟ್ಟ ದೇಶಕ್ಕೆ ಬುದ್ಧಿಮಾತಿಗಿಂತ ಹೆಚ್ಚೇನೂ ಹೇಳಲಾರದು.

ಮುಂದೆ ಅಮೆರಿಕವೇ ಕೊರತೆಗೆ ಬಿತ್ತು. 1971ರಲ್ಲಿ ಅಧ್ಯಕ್ಷ ನಿಕ್ಸನ್ ಡಾಲರಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿ, ಆಮದಿನ ಮೇಲೆ ಶೇ 10ರ ಹೆಚ್ಚುವರಿ ಸುಂಕ ಹೇರಿದರು. 1985ರಲ್ಲಿ ಡಾಲರ್ ಇಳಿಸಲೆಂದು ಮಾಡಿಕೊಂಡ ಪ್ಲಾಜಾ ಒಪ್ಪಂದದಲ್ಲಿ ಯೆನ್ ಏರಿಸಲು ಜಪಾನನ್ನು ಒಪ್ಪಿಸಲಾಯಿತು. ಹೆಚ್ಚುವರಿ ದೇಶವೂ ಹೊಣೆ ಹೊರಬೇಕೆಂಬ ಅಂದಿನ ಕೇನ್ಸ್ ವಾದವನ್ನೇ ಅಮೆರಿಕ ಈಗ ಬೇರೆಯವರ ಮೇಲೆ ಹೂಡುತ್ತಿದೆ. ವಾದದಲ್ಲಿ ಹುರುಳಿದೆ, ಆದರೆ ಅದನ್ನು ಜಾರಿಗೆ ತರಬೇಕಾದವರು ಎಲ್ಲರಿಗೂ ಸೇರಿದ ಸಂಸ್ಥೆಯವರು.

ಇನ್ನು ಮುಂದೆ ಇಂಥ ಸುದ್ದಿ ಪ್ರಕಟಿಸುವಾಗ ಆರೋಪಿ ದೇಶದ ವಿದೇಶಿ ವಿನಿಮಯ ಮೀಸಲು, ಚಾಲ್ತಿ ಖಾತೆಯ (ವ್ಯಾಪಾರ ಮೊದಲಾದವುಗಳಿಂದ ಹೊರದೇಶಗಳೊಂದಿಗೆ ಆಗುವ ಆದಾಯ–ವೆಚ್ಚದ) ಲೆಕ್ಕ ಮತ್ತು ಆರೋಪಿಸುವ ದೇಶದೊಂದಿಗೆ ಅದಕ್ಕಿರುವ ವ್ಯಾಪಾರ ತಗಾದೆಯ ವಿವರವನ್ನೂ ಜೊತೆಗೇ ಕೊಡಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗ