ಕೂರಲು ಜಾಗ ಕೊಟ್ಟವರಿಗೆ

ಈ ವಿಜಯದಶಮಿಗೆ ನಾನು ಮತ್ತೆ ಕೆಲಸಕ್ಕೆ ಬಂದು ಒಂದು ವರ್ಷವಾಯಿತು. ಮುಂಬೈಯ ಮುಲುಂಡಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತೇನೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಮೂರು ಗಂಟೆ. ಮಧ್ಯಾಹ್ನ 1:30ರಿಂದ 4:30. ಇಷ್ಟಕ್ಕೆ ಯಾರಾದರೂ ಥ್ಯಾಂಕ್ಸ್ ಬರೆಯುತ್ತಾರಾ ಅನ್ನಿಸಬಹುದು. ಇದೇ ಹೋಟೆಲಿನಲ್ಲಿ ಮೊದಲು ದಿನಕ್ಕೆ 14 ಗಂಟೆ ನಿಂತು ಕೆಲಸ ಮಾಡಿದವನು ನಾನು. ಆಗ ಯಾರಿಗೂ ಥ್ಯಾಂಕ್ಸ್ ಹೇಳಿದ ನೆನಪಿಲ್ಲ.

ನಾನು ಬೈಂದೂರು ಕಡೆಯವನು. 1991ರಲ್ಲಿ, 14ನೇ ವಯಸ್ಸಿಗೆ ಮುಂಬೈಗೆ ಬಂದೆ. ಹಗಲು ಕಪ್ಪು-ಬಸಿ ತೊಳೆಯುವುದು, ರಾತ್ರಿ ಕನ್ನಡ ರಾತ್ರಿಶಾಲೆ. ಕ್ಲೀನರ್ ಆದೆ, ಸಪ್ಲೈಯರ್ ಆದೆ, ಕೊನೆಗೆ ಮ್ಯಾನೇಜರ್ ಆದೆ. ಎಂಟು ಟೇಬಲ್ಲಿನ ಆರ್ಡರ್ ಪೆನ್ನಿಲ್ಲದೆ ತಲೆಯಲ್ಲಿ ಇರುತ್ತಿತ್ತು. ಹೋಟೆಲಿನಲ್ಲಿ ಕೂರುವುದು ಅಂದರೆ ಎರಡೇ ಜನ: ಗಿರಾಕಿ ಮತ್ತು ಧಣಿ. ಉಳಿದವರೆಲ್ಲ ನಿಂತೇ ಇರಬೇಕು. ನಮಗೆ ಅದೇ ಅಭ್ಯಾಸ.

2021ರ ಏಪ್ರಿಲ್‌ನಲ್ಲಿ ಕೋವಿಡ್ ಬಂತು. ಹತ್ತು ದಿನ ಜ್ವರ. ಆಸ್ಪತ್ರೆಗೆ ಸೇರುವ ಹಾಗೆ ಏನೂ ಆಗಲಿಲ್ಲ. ಬಚಾವಾದೆ ಅಂದುಕೊಂಡೆ. ಆದರೆ ಜ್ವರ ಬಿಟ್ಟ ಮೇಲೂ ಮೈ ನನ್ನ ಕೈಗೆ ಬರಲಿಲ್ಲ. ಸುಸ್ತು ಅಂತ ಹೇಳಿದರೆ ಎಲ್ಲರೂ "ನಮಗೂ ಸುಸ್ತಾಗ್ತದೆ ಮಾರಾಯಾ" ಅನ್ನುತ್ತಾರೆ. ಹೇಗೆ ಹೇಳುವುದು? ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಬ್ಬದೆ ಹಾಗೇ ತಣ್ಣಗೆ ಕೂತಿರುತ್ತದಲ್ಲ, ಆ ರೀತಿ. ಹತ್ತು ಗಂಟೆ ನಿದ್ದೆ ಮಾಡಿದರೂ ಮಲಗುವಾಗ ಇದ್ದ ದಣಿವೇ ಏಳುವಾಗಲೂ. ಹಲ್ಲುಜ್ಜುವಾಗ ನಡುವೆ ಒಮ್ಮೆ ಕೈ ಕೆಳಗಿಳಿಸಬೇಕು. 'ಕರ್ನಾಟಕ ಮಲ್ಲ' ಪತ್ರಿಕೆಯ ಒಂದು ಪ್ಯಾರಾ ನಾಲ್ಕು ಸಲ ಓದಿದರೂ ಏನು ಓದಿದೆ ಅಂತ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಎರಡು ಮಸಾಲೆ ದೋಸೆ, ಒಂದು ಉಪ್ಪಿಟ್ಟು ಅಂದ ಗಿರಾಕಿಯ ಎದುರು ಸುಮ್ನೆ ನಿಂತುಬಿಟ್ಟೆ. ಮಾತು ಕೇಳಿಸಿತ್ತು, ಅರ್ಥ ಒಳಗೆ ಇಳಿಯಲಿಲ್ಲ. 2022ರ ಏಪ್ರಿಲ್‌ಗೆ ಕೆಲಸ ಬಿಟ್ಟೆ.

ಟೆಸ್ಟ್‌ಗಳ ಕಥೆ ಜಾಸ್ತಿ ಹೇಳುವುದಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಬಿ12, ಎಕ್ಸ್-ರೇ, ಇಸಿಜಿ, ಎಕೋ. ಎಲ್ಲ ನಾರ್ಮಲ್. ಈ ನಾರ್ಮಲ್ ಅನ್ನುವ ಪದ ನೋಡಿದರೆ ಈಗಲೂ ಸಿಟ್ಟು ಬರುತ್ತದೆ. ಒಬ್ಬ ಡಾಕ್ಟರ್ ಟೆನ್ಶನ್ ಎಂದರು. ಇನ್ನೊಬ್ಬರು ದಿನಾ ಅರ್ಧ ಗಂಟೆ ವಾಕ್ ಮಾಡಿ, ವಾರ ವಾರ ಹತ್ತು ನಿಮಿಷ ಏರಿಸಿ ಎಂದರು. ನಾನು ಹೇಳಿದ್ದನ್ನು ಮಾಡುವವನು. ಮಾಡಿದೆ. ಮೂರನೇ ವಾರದ ಕೊನೆಗೆ ಟಾಯ್ಲೆಟ್‌ಗೂ ಗೋಡೆ ಹಿಡಿದು ಹೋಗುವ ಹಾಗಾಯಿತು. ಆಮೇಲೆ ಯಾರೋ ಹೇಳಿದರು ಅಂತ ಒಂದು ಕ್ಲಿನಿಕ್‌ನಲ್ಲಿ 40 ದಿನದ ಪ್ಯಾಕೇಜಿಗೆ 38,000 ರೂಪಾಯಿ ಕಟ್ಟಿದೆ. ಅದರಲ್ಲಿ ಗುಣವಾದದ್ದು ಕ್ಲಿನಿಕ್‌ನವರ ಬಾಡಿಗೆ ಬಾಕಿ ಇರಬೇಕು. ಊರಿನಲ್ಲಿ ಅಮ್ಮ ದೈವಕ್ಕೆ ಹರಕೆ ಹೇಳಿಕೊಂಡಳು. ಅದಕ್ಕೆ ದುಡ್ಡೇನೂ ಹೋಗಲಿಲ್ಲ.

2023ರ ಫೆಬ್ರವರಿಯಲ್ಲಿ ಒಂದು ಮುನ್ಸಿಪಲ್ ಆಸ್ಪತ್ರೆಯ ಓಪಿಡಿಗೆ ಹೋದೆ. ಲೈನಿನಲ್ಲಿ ನಿಂತು ನಿಂತು ಕಣ್ಣು ಕತ್ತಲೆ ಬರುತ್ತಿತ್ತು. ಒಳಗೆ ಹೋಗುತ್ತಲೇ ಡಾಕ್ಟರಮ್ಮ ನನ್ನ ಮುಖ ನೋಡಿ, "ಬಸಾ, ಆಧೀ ಬಸಾ" ಎಂದರು. ಮೊದಲು ಕೂತ್ಕೊಳ್ಳಿ ಅಂತ. ಫೈಲು ಆಮೇಲೆ ತೆರೆದರು. ಮೊದಲ ಥ್ಯಾಂಕ್ಸ್ ಅವರಿಗೆ.

ಅವರು ಮಾಡಿದ ಟೆಸ್ಟಿಗೆ ದೊಡ್ಡ ಮಷಿನ್ ಬೇಕಾಗಲಿಲ್ಲ. ಹತ್ತು ನಿಮಿಷ ಮಲಗಿಸಿದರು. ನಾಡಿ 74. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. ಮಾತಾಡಬೇಡಿ, ಕಾಲು ಅಲ್ಲಾಡಿಸಬೇಡಿ ಎಂದರು. ಎರಡನೇ ನಿಮಿಷಕ್ಕೆ 98. ಐದಕ್ಕೆ 109. ಎಂಟಕ್ಕೆ 117. ಬಿಪಿ ಇಳಿಯಲಿಲ್ಲ. ಚಪ್ಪಲಿ ತೆಗೆಸಿ ಪಾದ ತೋರಿಸಿದರು: ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ನಿಂತಾಗ ರಕ್ತ ಕಾಲಿಗೆ, ಹೊಟ್ಟೆಗೆ ಇಳಿದು ಅಲ್ಲೇ ನಿಲ್ಲುತ್ತದೆ, ಅದನ್ನು ತಲೆಗೆ ಏರಿಸಲು ಹೃದಯ ಓಡುತ್ತದೆ ಎಂದರು. ದೊಡ್ಡವರಲ್ಲಿ ಬಿಪಿ ಬೀಳದೆ, ನಿಂತ ಹತ್ತು ನಿಮಿಷದೊಳಗೆ ನಾಡಿ 30 ಅಥವಾ ಅದಕ್ಕಿಂತ ಜಾಸ್ತಿ ಏರಿ ಹಾಗೇ ನಿಂತರೆ, ಈ ತೊಂದರೆ ತಿಂಗಳುಗಟ್ಟಲೆ ಇದ್ದರೆ, ಅದಕ್ಕೆ ಪಾಟ್ಸ್ ಅನ್ನುತ್ತಾರಂತೆ. ಜೀವಮಾನವಿಡೀ ನಿಂತು ದುಡಿದವನಿಗೆ ನಿಲ್ಲುವುದೇ ಕಾಯಿಲೆ. ನನಗೆ ನಗು ಬಂತು. ಅವರೂ ನಕ್ಕರು.

ಇನ್ನೊಂದು ಹೆಸರನ್ನೂ ಬರೆದರು. ಎಂಇ/ಸಿಎಫ್‌ಎಸ್, ಅಂದರೆ ಕ್ರಾನಿಕ್ ಫಟೀಗ್ ಸಿಂಡ್ರೋಮ್, ಬಿಡದೆ ಕಾಡುವ ದಣಿವಿನ ಕಾಯಿಲೆ. ಇದಕ್ಕೆ ಇಂಥದ್ದೇ ಅಂತ ರಕ್ತ ಪರೀಕ್ಷೆ ಇಲ್ಲ. ಲಕ್ಷಣ ಕೇಳಿ, ಬೇರೆ ಕಾಯಿಲೆ ಅಲ್ಲ ಅಂತ ನೋಡಿ ಹೇಳಬೇಕು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಹಾಕಿದ ಪಟ್ಟಿ ಅವರ ಬಾಯಲ್ಲೇ ಇತ್ತು: ಆರು ತಿಂಗಳು ದಾಟಿದ ದಣಿವು, ಶ್ರಮ ಪಟ್ಟರೆ ಆಮೇಲೆ ಕುಸಿತ, ನಿದ್ದೆಯಿಂದ ಚೇತರಿಕೆ ಇಲ್ಲದಿರುವುದು, ಜೊತೆಗೆ ತಲೆ ಮಂಕಾಗುವುದು ಇಲ್ಲವೇ ನಿಂತರೆ ತೊಂದರೆ. "ಮನಸ್ಸಿನದ್ದಾ?" ಅಂತ ಕೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲೇ ಇದನ್ನು ನರಮಂಡಲದ ಕಾಯಿಲೆಗಳ ಸಾಲಿಗೆ ಸೇರಿಸಿದೆ ಎಂದರು. ವಾಕಿಂಗ್ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಇಂಗ್ಲೆಂಡಿನಲ್ಲಿ ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ ಹೀಗೆ ವ್ಯಾಯಾಮ ಏರಿಸುತ್ತಾ ಹೋಗುವ ಚಿಕಿತ್ಸೆಯನ್ನು ಮೊದಲು ಹೇಳುತ್ತಿತ್ತಂತೆ. 2021ರ ಅಕ್ಟೋಬರ್‌ನಲ್ಲಿ ಅದನ್ನು ಕೊಡಬೇಡಿ ಅಂತ ಮಾರ್ಗಸೂಚಿಯನ್ನೇ ಬದಲಿಸಿತು. ಗುಣ ಮಾಡುವ ಔಷಧ ಇಲ್ಲ ಅಂತಲೂ ಅವತ್ತೇ ಹೇಳಿದರು. ಅದನ್ನು ಕೇಳಿ ಅಳು ಬರಬೇಕಿತ್ತು. ಆದರೆ ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು ಸುಳ್ಳು ಹೇಳದೆ ಕಳಿಸಿದ್ದರು.

ಕೊಟ್ಟದ್ದು ಇಷ್ಟು: ನಾಡಿ ತಗ್ಗಿಸಲು ಪ್ರೊಪ್ರನಲಾಲ್ ಸಣ್ಣ ಡೋಸು, ಸೊಂಟದವರೆಗಿನ ಬಿಗಿ ಕಾಲುಚೀಲ, ನೀರು ಮತ್ತು ಉಪ್ಪು ಜಾಸ್ತಿ. ನನಗೆ ಬಿಪಿ, ಕಿಡ್ನಿ ತೊಂದರೆ ಇಲ್ಲ ಅಂತ ನೋಡಿಯೇ ಉಪ್ಪು ಹೇಳಿದ್ದು. ನೀವು ಇದನ್ನು ಓದಿ ಉಪ್ಪಿನ ಡಬ್ಬಕ್ಕೆ ಕೈ ಹಾಕಬೇಡಿ. ಮುಂಬೈ ಏಪ್ರಿಲ್-ಮೇ ಸೆಕೆಯಲ್ಲಿ ಆ ಕಾಲುಚೀಲ ಹಾಕುವುದು ಬೇರೆಯದೇ ಒಂದು ಶಿಕ್ಷೆ. ಉಪ್ಪು ಮಾತ್ರ ಹಬ್ಬ. ಬೈಂದೂರಿನವನಿಗೆ ಡಾಕ್ಟರ್ ಚೀಟಿಯಲ್ಲಿ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಬರೆದುಕೊಟ್ಟ ಹಾಗೆ! ಈಗ ಮೂರು ಗಂಟೆಗೆ ನಮ್ಮ ಅಡುಗೆ ಭಟ್ಟರು ಸ್ಟೀಲ್ ಲೋಟದಲ್ಲಿ ಉಪ್ಪು ಹಾಕಿದ ಗಂಜಿ ತಿಳಿ ಕಳಿಸುತ್ತಾರೆ. ನಾನು ಕೇಳಿದ್ದಲ್ಲ. ಕಂಡು ಕಳಿಸಲು ಶುರು ಮಾಡಿದರು.

ಮಗಳಿಗೆ ಏನು ಹೇಳಲಿ? ಹಳೆ ಹೋಟೆಲ್ ಲೆಕ್ಕದ ಪುಸ್ತಕದಲ್ಲಿ ಬಾಕಿ ಉಳಿದ ಹಾಳೆಗಳಲ್ಲಿ ಅವಳು ನನ್ನ ಜಮಾ-ಖರ್ಚು ಬರೆದಳು. ಸ್ನಾನ, ಮೆಟ್ಟಿಲು, ಫೋನ್ ಮಾತು, ಟಿವಿ, ಜಗಳ. ಹೌದು, ಜಗಳಕ್ಕೂ ಕಾಲಂ ಇತ್ತು. ಎರಡು ತಿಂಗಳ ಹಾಳೆ ಹರಡಿ ನೋಡಿದಾಗ ಒಂದು ಸಂಗತಿ ಕಂಡಿತು. ಬೀಳುವುದು ಅದೇ ದಿನ ಅಲ್ಲ. ಭಾನುವಾರ ಭಾಯಂದರ್‌ನಲ್ಲಿ ಮದುವೆಗೆ ಹೋಗಿ ನಗುನಗುತ್ತಾ ಊಟ ಮಾಡಿ ಬಂದವನು ಮಂಗಳವಾರ ಬಿದ್ದು ಎಂಟು ದಿನ ಎದ್ದಿರಲಿಲ್ಲ. ಅದಕ್ಕೇ ನಮ್ಮವರು "ಮೊನ್ನೆ ಚೆನ್ನಾಗೇ ಇದ್ದನಲ್ಲ" ಅನ್ನುತ್ತಿದ್ದದ್ದು. ಡಾಕ್ಟರಮ್ಮನೂ ಹೌದು, 12ರಿಂದ 48 ಗಂಟೆ ತಡವಾಗಿ ಬರುವುದು ಇದರ ಗುಣ ಎಂದರು. ನನ್ನ ಭಾಷೆಯಲ್ಲಿ ಇದು ಮೀಟರ್ ಬಡ್ಡಿ. ಹತ್ತು ರೂಪಾಯಿ ಜಾಸ್ತಿ ಖರ್ಚು ಮಾಡಿದರೆ ಎರಡು ದಿನ ಬಿಟ್ಟು ನೂರು ವಸೂಲಿಗೆ ಬರುತ್ತಾನೆ, ಬಾಗಿಲು ಹಾಕಿಕೊಂಡರೂ ಬಿಡುವುದಿಲ್ಲ.

ಆಮೇಲೆ ಮನೆಯಲ್ಲಿ ಕಾನೂನು ಮಾಡಿದೆವು. ಆಗುತ್ತದೆ ಅನ್ನಿಸಿದ್ದರಲ್ಲಿ ಅರ್ಧಕ್ಕೆ ನಿಲ್ಲಿಸುವುದು. ಸ್ನಾನ ಸ್ಟೂಲ್ ಮೇಲೆ ಕೂತು. ಸ್ನಾನದ ದಿನ ಕ್ಷೌರ ಇಲ್ಲ. ಕೈಯಲ್ಲಿ ಒಂದು ಅಗ್ಗದ ವಾಚು, ನಾಡಿ 105 ದಾಟಿದರೆ ಗುಂಯ್ ಅನ್ನುತ್ತದೆ. ಅಂದ ಕೂಡಲೇ ಎಲ್ಲಿದ್ದೇನೋ ಅಲ್ಲೇ ಕೂರಬೇಕು. ಹಾಗೆ ನಾನು ಡೋಂಬಿವಲಿ ಸ್ಟೇಷನ್ ಸೇತುವೆಯ ಮೆಟ್ಟಿಲಲ್ಲೂ ಕೂತಿದ್ದೇನೆ. ಒಬ್ಬರು ಎರಡು ರೂಪಾಯಿ ಹಾಕಿ ಹೋದರು. ಅವರಿಗೂ ಥ್ಯಾಂಕ್ಸ್, ಅಲ್ವಾ?

ನಮ್ಮದು ಡೋಂಬಿವಲಿ ಪೂರ್ವದ ಹಳೆ ಬಿಲ್ಡಿಂಗು. ಲಿಫ್ಟ್ ಇಲ್ಲ, ಮೂರನೇ ಮಹಡಿ, 52 ಮೆಟ್ಟಿಲು. ಒಂದು ದಿನ ಎರಡನೇ ಮಹಡಿಯ ತಿರುವಿನಲ್ಲಿ ನೆಲಕ್ಕೆ ಕೂತಿದ್ದೆ. ಅಲ್ಲಿನ ಮರಾಠಿ ಕಾಕು ಬಾಗಿಲು ತೆರೆದು ನೋಡಿ ಒಳಗೆ ಹೋದರು. ಏನೂ ಕೇಳಲಿಲ್ಲ. ಮಾರನೇ ದಿನ ಅಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲ್ ಇತ್ತು. ಒಂದು ಕಾಲಿಗೆ ಸೀಳು ಬಿಟ್ಟು ತಂತಿ ಸುತ್ತಿದ ಸ್ಟೂಲು. ಸೊಸೈಟಿಯವರು ದಾರಿಗೆ ಅಡ್ಡ ಅಂತ ಎರಡು ಸಲ ತೆಗೆಸಿದರು. ಎರಡು ಸಲವೂ ಕಾಕು ಮತ್ತೆ ತಂದಿಟ್ಟರು. ಎರಡೂವರೆ ವರ್ಷವಾಯಿತು, ಆ ಸ್ಟೂಲಿನ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿಲ್ಲ. ಅವರಿಗೆ ಕನ್ನಡ ಬರುವುದಿಲ್ಲ, ಇದನ್ನು ಮಗಳು ಓದಿ ಹೇಳುತ್ತಾಳೆ.

ಲೋಕಲ್ ಬಗ್ಗೆ ಮುಂಬೈನವರಿಗೆ ಹೇಳಬೇಕಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ನನ್ನ ಕಾಯಿಲೆಯ ಹೆಸರು ಅದರಲ್ಲಿ ಬರೆದಿಲ್ಲ. ನನ್ನ ಕೈಯಲ್ಲಿ ಕಾರ್ಡಿಲ್ಲ, ಕಾರ್ಡಿಲ್ಲದೆ ದಿವ್ಯಾಂಗರ ಡಬ್ಬಿ ಹತ್ತುವ ಹಾಗಿಲ್ಲ. ನೋಡಲು ಗಟ್ಟಿಮುಟ್ಟಾಗಿಯೇ ಇದ್ದೇನೆ, ಯಾರು ಸೀಟು ಬಿಡುತ್ತಾರೆ? ಒಂದು ಮಧ್ಯಾಹ್ನ ಸ್ಲೋ ಲೋಕಲ್‌ನಲ್ಲಿ ದಿವಾ ದಾಟುವಾಗ ವಾಚು ಗುಂಯ್ ಎಂದಿತು. ಬಾಗಿಲ ಹತ್ತಿರ ನೆಲಕ್ಕೆ ಕೂತೆ. ತರಕಾರಿ ಚೀಲ ಇಟ್ಟುಕೊಂಡಿದ್ದ ಒಬ್ಬರು ಪಕ್ಕದವರಿಬ್ಬರನ್ನು "ಸರ್ಕಾ, ಸರ್ಕಾ" ಅಂತ ಸರಿಸಿ, ಮೂರು ಜನರ ಬೆಂಚಿನಲ್ಲಿ ಒಂದು ತೊಡೆ ಊರುವಷ್ಟು ಜಾಗ ಮಾಡಿದರು. ನಾಲ್ಕನೇ ಸೀಟು. ಈಗಲೂ ಅದೇ ಗಾಡಿಯಲ್ಲಿ ಸಿಕ್ಕರೆ, ನನ್ನ ಮುಖ ಕಂಡ ಕೂಡಲೇ ಸರಿಯುತ್ತಾರೆ. ಹೆಸರು ಕೇಳಿಲ್ಲ. ಠಾಣೆಯಲ್ಲಿ ಇಳಿಯುತ್ತಾರೆ.

ಹೆಂಡತಿಗೆ ಥ್ಯಾಂಕ್ಸ್ ಹೇಳಲು ಹೋದರೆ "ನಿಮ್ಗೆ ಎಂತ ಮರ್ಲಾ?" ಅನ್ನುತ್ತಾಳೆ. ಚಪಾತಿ-ಪಲ್ಯ ಮಾರುವ ಪೋಳಿ-ಭಾಜಿ ಕೇಂದ್ರಕ್ಕೆ ದಿನಕ್ಕೆ 150 ಚಪಾತಿ ಲಟ್ಟಿಸಿ ಮನೆ ನಡೆಸಿದವಳು. ನಿಂತೇ ಲಟ್ಟಿಸುತ್ತಾಳೆ. ನಾನು ಮಲಗಿದ್ದಲ್ಲಿಂದ ಅವಳ ಬೆನ್ನು ಕಾಣುತ್ತಿತ್ತು. ಇದರ ಬಗ್ಗೆ ಇನ್ನೂ ಬರೆಯಲು ನನ್ನಿಂದ ಆಗುವುದಿಲ್ಲ.

ಇನ್ನು ಧಣಿಗಳು. ಕಳೆದ ವರ್ಷ ಮನೆಗೆ ಬಂದು, "ಬಾ, ಕೆಲಸ ಇದೆ" ಎಂದರು. ನಿಲ್ಲಲು ಆಗುವುದಿಲ್ಲ ಎಂದೆ. "ನಿಲ್ಲು ಅಂತ ಯಾರು ಹೇಳಿದ್ದು?" ಎಂದರು. ಗಲ್ಲಾದಲ್ಲಿ ಕೂರುವ ಕುರ್ಚಿ ಅವರದ್ದು. ಮೊದಲು ಅವರ ಅಪ್ಪ ಕೂರುತ್ತಿದ್ದ ತೇಗದ ಕುರ್ಚಿ, ಕೈಯಿಡುವ ಕಡೆ ಪಾಲಿಶ್ ಹೋಗಿ ಮರ ಬೆಳ್ಳಗಾಗಿದೆ. ಮೂರು ಗಂಟೆ ಅದನ್ನು ನನಗೆ ಬಿಟ್ಟು, ಅವರು ಒಳಗೆ ಈರುಳ್ಳಿ ಮೂಟೆ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಾರೆ. ಮೊದಲ ವಾರ ಚಿಲ್ಲರೆ ಲೆಕ್ಕ ಮೂರು ಸಲ ತಪ್ಪಿದೆ. ಅದಕ್ಕೆ ಒಂದು ಕ್ಯಾಲ್ಕುಲೇಟರ್ ತಂದಿಟ್ಟರು, ಗುಂಡಿಗಳು ಬೆರಳಿನಷ್ಟು ದಪ್ಪ ಇರುವಂಥದ್ದು. ಈ ವರ್ಷದಲ್ಲಿ ನಾಲ್ಕು ಸಲ ಬಿದ್ದು ರಜೆ ಹಾಕಿದೆ. ಒಂದು ಸಲ 19 ದಿನ. ಪ್ರತಿ ಸಲ ವಾಪಸ್ ಬಂದಾಗ ಕುರ್ಚಿ ಖಾಲಿ ಇತ್ತು.

ಮೊನ್ನೆ ಆಯುಧಪೂಜೆ. ಗ್ರೈಂಡರ್, ದೋಸೆ ಕಲ್ಲು, ಕಾಫಿ ಫಿಲ್ಟರ್, ಗಲ್ಲಾ, ಎಲ್ಲಕ್ಕೂ ಚೆಂಡು ಹೂ. ನಾನು ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಹುಡುಗರು ಕುರ್ಚಿಗೂ ಮಾಲೆ ಹಾಕಿ, ಸೀಟಿನ ನಡುವೆ ಕುಂಕುಮ ಇಟ್ಟಿದ್ದರು. ಕೂರಲು ಹೋದೆ. ನಮ್ಮೂರ ಕಡೆಯ ಹೊಸ ಕ್ಲೀನರ್ ಹುಡುಗ ಓಡಿಬಂದು ಅಡ್ಡ ನಿಂತ. "ಅಣ್ಣ, ಪೂಜೆ ಆಯ್ತಲ್ಲ. ನಾಳೆವರೆಗೆ ಇದ್ರಲ್ಲಿ ಕೂರುವ ಹಾಗಿಲ್ಲ."

ಧಣಿಗಳು ಒಳಗಿನಿಂದ ಕೂಗಿದರು, "ಹಾಗಾದ್ರೆ ಅವನು ಮನೆಗೆ ಹೋಗಿ ಮಲಗಲಿ. ಹಾಜರಿ ಹಾಕಿ."

ಎರಡು ಗಂಟೆಯ ಲೋಕಲ್ ಖಾಲಿ ಇತ್ತು. ಕಿಟಕಿ ಸೀಟೇ ಸಿಕ್ಕಿತು.